ನೆಲದಡಿಯ ಒಂದು ಬ್ಯಾರೆಲ್, ನೆಲದ ಮೇಲೆ ಎಷ್ಟು?

ತೈಲ ಸಿಕ್ಕಿದೆ ಎಂಬ ಸುದ್ದಿಯ ಬೆನ್ನಿಗೇ ಒಂದು ಸಂಖ್ಯೆಯೂ ಬರುತ್ತದೆ: ಇಷ್ಟು ಕೋಟಿ ಬ್ಯಾರೆಲ್, ಇಷ್ಟು ಲಕ್ಷ ಕೋಟಿ ಘನ ಅಡಿ. ಆ ತೈಲದ ಬೆಲೆಯ ಬಗ್ಗೆ, ಅದರಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಬಗ್ಗೆ, ಪರಿಸರಕ್ಕೆ ಆಗುವ ಹಾನಿಯ ಬಗ್ಗೆ ನಾವು ವಾದಿಸುತ್ತೇವೆ, ವಾದಿಸಲೇಬೇಕು. ಆದರೆ ಸಂಖ್ಯೆಯನ್ನು ಮಾತ್ರ ಯಾರೋ ಅಳೆದು ತಂದದ್ದು ಎಂಬಂತೆ ಒಪ್ಪಿಕೊಂಡುಬಿಡುತ್ತೇವೆ. ಆಳದ ಬಂಡೆಯೊಳಗೆ ಒಂದು ಬ್ಯಾರೆಲ್ ಜಾಗ ತುಂಬಿಕೊಂಡಿದ್ದ ದ್ರವ ಮೇಲೆ ಬಂದ ಮೇಲೆ ಒಂದು ಬ್ಯಾರೆಲ್ ಆಗಿ ಉಳಿಯುವುದಿಲ್ಲ ಎಂಬುದನ್ನು ಈ ಕ್ಷೇತ್ರ ಬಲ್ಲವರೆಲ್ಲ ಹೇಳುತ್ತಾರೆ. ಜೊತೆಗೆ, ಅದಕ್ಕೊಂದು ಗುಣಕವಿದೆ, ಗುಣಿಸಿದರೆ ಆಯಿತು, ಇದು ಗುಮಾಸ್ತನ ಕೆಲಸ ಎಂದೂ ಸೇರಿಸುತ್ತಾರೆ. ಈ ಎರಡನೆಯ ಮಾತನ್ನು ಒಪ್ಪಲು ನನಗೆ ಕಷ್ಟವಾಗಿದೆ. ಲೆಕ್ಕ ಸುಳ್ಳೆಂಬುದು ನನ್ನ ಆಕ್ಷೇಪವಲ್ಲ. ಗುಣಕದೊಳಗೆ ಪ್ರಕೃತಿಯ ಜೊತೆ ಮನುಷ್ಯರ ಆಯ್ಕೆಯೂ ಕೂತಿದೆ, ಆ ಆಯ್ಕೆಯನ್ನು ಹೇಳದೆ ಸಂಖ್ಯೆಯನ್ನಷ್ಟೇ ಹೇಳಿದರೆ ಮಾತು ಅರ್ಧಕ್ಕೇ ನಿಂತಂತೆ ಎಂಬುದು ನನ್ನ ವಾದ.

ಮೊದಲು ಸಹಜ ಬುದ್ಧಿಯ ಮಾತನ್ನೇ ಪರೀಕ್ಷಿಸೋಣ. ಒತ್ತಡ ತೆಗೆದರೆ ವಸ್ತು ಹಿಗ್ಗುತ್ತದೆ. ಮೂರು ಕಿಲೋಮೀಟರ್ ಆಳದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮುನ್ನೂರು ಪಟ್ಟು ಒತ್ತಡ ಇರುವುದು ಸಾಮಾನ್ಯ. ಅಲ್ಲಿಂದ ಮೇಲಕ್ಕೆ ಬಂದ ತೈಲ ಹಿಗ್ಗಿ ಹೆಚ್ಚಾಗಬೇಕಲ್ಲವೇ? ತರ್ಕದಲ್ಲಿ ತಪ್ಪಿಲ್ಲ, ಮತ್ತು ಪ್ರಯಾಣದ ಮೊದಲ ಭಾಗದಲ್ಲಿ ಹಾಗೆಯೇ ಆಗುತ್ತದೆ: ಒತ್ತಡ ಇಳಿದಂತೆ ತೈಲ ಒಂದಿಷ್ಟು ಹಿಗ್ಗುತ್ತದೆ. ಆದರೆ ಆಳದ ತೈಲ ಬರಿಯ ತೈಲವಲ್ಲ. ಅದರಲ್ಲಿ ಮೀಥೇನ್, ಈಥೇನ್, ಪ್ರೊಪೇನ್ ಮುಂತಾದ ಅನಿಲಗಳು ಕರಗಿರುತ್ತವೆ. ಒಂದು ನಿರ್ದಿಷ್ಟ ಒತ್ತಡಕ್ಕೆ ಇಳಿದಾಗ ಮೊದಲ ಗುಳ್ಳೆ ಏಳುತ್ತದೆ. ತಜ್ಞರು ಅದನ್ನು ಬಬಲ್ ಪಾಯಿಂಟ್ ಎನ್ನುತ್ತಾರೆ. ಅಲ್ಲಿಂದಾಚೆಗೆ ಅನಿಲ ಹೊರಬೀಳುತ್ತ ಹೋದಂತೆ ಉಳಿದ ದ್ರವ ಕುಗ್ಗುತ್ತದೆ, ನೂರು ಡಿಗ್ರಿಯ ಆಸುಪಾಸಿನಿಂದ ಹೊರಗಿನ ಉಷ್ಣತೆಗೆ ತಣಿಯುವಾಗ ಇನ್ನೂ ಕುಗ್ಗುತ್ತದೆ. ಕೊನೆಗೆ ಕುಗ್ಗುವಿಕೆಯೇ ಗೆಲ್ಲುತ್ತದೆ. ಅನಿಲ ಹೆಚ್ಚು ಕರಗಿರದ ಭಾರದ ತೈಲವಾದರೆ ಮೇಲಿನ ಒಂದು ಬ್ಯಾರೆಲ್ಲಿಗೆ ಆಳದಲ್ಲಿ 1.05 ಬ್ಯಾರೆಲ್ ಸಾಕು. ಸಾಧಾರಣ ತೈಲಕ್ಕೆ 1.2ರಿಂದ 1.5, ಅನಿಲಭರಿತ ಹಗುರ ತೈಲಕ್ಕೆ ಎರಡಕ್ಕೂ ಮಿಕ್ಕಿ ಬೇಕಾಗಬಹುದು. ಇದೇ ಫಾರ್ಮೇಶನ್ ವಾಲ್ಯೂಮ್ ಫ್ಯಾಕ್ಟರ್.

ಇಲ್ಲೊಂದು ಸಣ್ಣ ಎಚ್ಚರಿಕೆ ಬೇಕು. ಗುಣಕ 1.3 ಎಂದಾಕ್ಷಣ ‘ಶೇ 30 ಕುಗ್ಗಿತು’ ಎನ್ನುವ ರೂಢಿಯಿದೆ. ಆಳದ ಒಂದು ಬ್ಯಾರೆಲ್ ಮೇಲೆ 0.77 ಬ್ಯಾರೆಲ್ ಆಗುತ್ತದೆ, ಎಂದರೆ ಕುಗ್ಗಿದ್ದು ಶೇ 23. ಯಾವುದನ್ನು ಆಧಾರವಾಗಿ ಹಿಡಿದಿದ್ದೇವೆ ಎಂದು ಹೇಳದ ಶೇಕಡಾವಾರು ಎಲ್ಲ ಕಡೆಯಂತೆ ಇಲ್ಲಿಯೂ ದಾರಿ ತಪ್ಪಿಸುತ್ತದೆ.

ಮಾರಾಟವಾಗುವುದು ಮೇಲಿನ ಬ್ಯಾರೆಲ್ ತಾನೇ, ಆಳದ ಬ್ಯಾರೆಲ್ ಬರಿಯ ಪುಸ್ತಕದ ಲೆಕ್ಕ ಎಂದು ಯಾರಾದರೂ ಹೇಳಬಹುದು. ವ್ಯಾಪಾರದ ದೃಷ್ಟಿಯಿಂದ ಅದು ಸರಿ. ಬಂಡೆಯ ದೃಷ್ಟಿಯಿಂದ ಅಲ್ಲ. ಒಂದು ಬ್ಯಾರೆಲ್ ಮಾರಿದೆವು, ಬದಲಿಗೆ ಒಂದು ಬ್ಯಾರೆಲ್ ನೀರು ಒಳಗೆ ತುಂಬಿದೆವು ಎಂದು ಸಮಾಧಾನಪಟ್ಟರೆ ಆಳದ ಒತ್ತಡ ಇಳಿಯುತ್ತಲೇ ಇರುತ್ತದೆ, ಏಕೆಂದರೆ ಗುಣಕ 1.3 ಆಗಿದ್ದಲ್ಲಿ ಖಾಲಿಯಾಗಿರುವುದು 1.3 ಬ್ಯಾರೆಲ್ ಜಾಗ, ಜೊತೆಗೆ ಬಿಡಿ ಅನಿಲ ಹೊರಬಂದಿದ್ದರೆ ಇನ್ನೂ ಹೆಚ್ಚು. ಒತ್ತಡ ಇಳಿದಾಗ ಬಂಡೆ ಏನು ಮಾಡಬಹುದು ಎಂಬುದಕ್ಕೆ ನಾರ್ವೆಯ ಎಕೋಫಿಸ್ಕ್ ಸಾಕ್ಷಿ. 1969ರಲ್ಲಿ ಪತ್ತೆಯಾದ ಆ ನಿಕ್ಷೇಪ ಮೃದುವಾದ ಸೀಮೆಸುಣ್ಣದ ಕಲ್ಲಿನಲ್ಲಿದೆ. ತೈಲ, ಅನಿಲ ತೆಗೆದಂತೆ ಕಲ್ಲು ಅಮುಕಿಕೊಂಡು ಸಮುದ್ರತಳವೇ ಕುಸಿಯಿತು; 1987ರಲ್ಲಿ ಅಲ್ಲಿಯ ಉಕ್ಕಿನ ವೇದಿಕೆಗಳನ್ನು ಜ್ಯಾಕ್ ಕೊಟ್ಟು ಆರು ಮೀಟರ್ ಮೇಲಕ್ಕೆ ಎತ್ತಬೇಕಾಯಿತು. ನೀರು ತುಂಬಿ ಒತ್ತಡ ಮೇಲೆತ್ತಿದ ಮೇಲೂ ಕುಸಿತ ಕೂಡಲೇ ನಿಲ್ಲಲಿಲ್ಲ, ಏಕೆಂದರೆ ಆ ಕಲ್ಲನ್ನು ನೀರೂ ದುರ್ಬಲಗೊಳಿಸುತ್ತದೆ. ಆದ್ದರಿಂದ ಎಲ್ಲವನ್ನೂ ಆಳದ ಬ್ಯಾರೆಲ್ಲನ್ನು ಮೇಲಿನ ಬ್ಯಾರೆಲ್ಲಾಗಿಸುವ ಪರಿವರ್ತನೆಯ ತಲೆಗೆ ಕಟ್ಟಲಾರೆ. ಆದರೂ ಆಳದ ಘನಗಾತ್ರ ಕಾಗದದ ಮೇಲಿನದಷ್ಟೇ ಎನ್ನುವವರಿಗೆ ಆ ಆರು ಮೀಟರು ಒಂದು ಉತ್ತರ.

ಈಗ ಇನ್ನೂ ಗಟ್ಟಿಯಾದ ನಂಬಿಕೆಗೆ ಬರುತ್ತೇನೆ. ಸಾಂದ್ರತೆ ನೀರಿನ ಗುಣ, ಕುದಿಬಿಂದು ಹಾಲಿನ ಗುಣ. ಹಾಗೆಯೇ ಈ ಗುಣಕವೂ ಆಯಾ ತೈಲದ ಗುಣ, ಪ್ರಯೋಗಾಲಯದಲ್ಲಿ ಒಮ್ಮೆ ಅಳೆದರೆ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಪಠ್ಯಪುಸ್ತಕಗಳು ಈ ಭಾವನೆಯನ್ನು ಪೋಷಿಸುತ್ತವೆ. ಎಂ. ಬಿ. ಸ್ಟ್ಯಾಂಡಿಂಗ್ 1947ರಲ್ಲಿ ಕ್ಯಾಲಿಫೋರ್ನಿಯಾದ ತೈಲಗಳ ಮಾದರಿಗಳಿಂದ ಒಂದು ಸೂತ್ರ ಕಟ್ಟಿಕೊಟ್ಟರು: ಕರಗಿದ ಅನಿಲದ ಪ್ರಮಾಣ, ಎರಡರ ಸಾಂದ್ರತೆ, ಉಷ್ಣತೆ, ಇವಿಷ್ಟು ಕೊಟ್ಟರೆ ಗುಣಕ ಬರುತ್ತದೆ. ಮಾದರಿ ಕೈಯಲ್ಲಿಲ್ಲದ ಕಡೆ ಅದು ದೊಡ್ಡ ಆಸರೆ, ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಒಂದೇ ಮಾದರಿಯನ್ನು ಎರಡು ದಾರಿಯಲ್ಲಿ ಮೇಲಕ್ಕೆ ತನ್ನಿ. ಒಂದರಲ್ಲಿ ಒತ್ತಡವನ್ನು ಒಂದೇ ಏಟಿಗೆ ಇಳಿಸಿ. ಇನ್ನೊಂದರಲ್ಲಿ ಎರಡು ಮೂರು ಸೆಪರೇಟರುಗಳ ಮೂಲಕ ಹಂತಹಂತವಾಗಿ ಇಳಿಸುತ್ತ, ಪ್ರತಿ ಹಂತದ ಅನಿಲವನ್ನು ಅಲ್ಲಿಯೇ ಬೇರ್ಪಡಿಸುತ್ತ ಬನ್ನಿ. ಮೊದಲ ದಾರಿಯಲ್ಲಿ ಭರದಿಂದ ಹೊರನುಗ್ಗುವ ಅನಿಲ, ದ್ರವದಲ್ಲೇ ಉಳಿಯಬಹುದಾಗಿದ್ದ ಪ್ರೊಪೇನ್, ಬ್ಯುಟೇನ್, ಪೆಂಟೇನುಗಳನ್ನೂ ಎಳೆದೊಯ್ಯುತ್ತದೆ. ಎರಡನೆಯದರಲ್ಲಿ ಅವುಗಳ ಹೆಚ್ಚಿನ ಪಾಲು ತೈಲದಲ್ಲಿ ಉಳಿಯುತ್ತದೆ. ಫಲವಾಗಿ ಎರಡನೆಯ ದಾರಿಯಲ್ಲಿ ಟ್ಯಾಂಕಿಗೆ ಬೀಳುವ ತೈಲ ಹೆಚ್ಚು, ಮತ್ತು ಆ ತೈಲ ಹಗುರ. ಸಾಧಾರಣ ತೈಲದಲ್ಲಿ ಈ ವ್ಯತ್ಯಾಸ ಸಣ್ಣದು. ಅನಿಲಭರಿತ ತೈಲದಲ್ಲಿ ಕಡೆಗಣಿಸುವಂಥದ್ದಲ್ಲ. ಮೂಲ ದ್ರವ ಒಂದೇ, ಹೊರಟ ಜಾಗ ಒಂದೇ, ತಲುಪಿದ ಒತ್ತಡ ಮತ್ತು ಉಷ್ಣತೆಯೂ ಒಂದೇ, ಆದರೆ ಬ್ಯಾರೆಲ್ಲುಗಳ ಎಣಿಕೆ ಎರಡು. ಅಂದ ಮೇಲೆ ಗುಣಕ ತೈಲದ ಗುಣ ಮಾತ್ರ ಹೇಗಾದೀತು? ಅದು ತೈಲದ್ದೂ ಹೌದು, ದಾರಿಯದ್ದೂ ಹೌದು. ದಾರಿಯನ್ನು ಯಾರೋ ಆರಿಸಿರುತ್ತಾರೆ.

ಇದೆಲ್ಲ ಸೂಕ್ಷ್ಮದ ಮಾತು, ಲೋಕವ್ಯವಹಾರದಲ್ಲಿ ಇದರಿಂದ ಏನಾದೀತು ಎನ್ನುವವರಿಗೆ ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿಯನ್ನು ನೆನಪಿಸಬೇಕು. 2010ರ ಏಪ್ರಿಲ್ 20ರಂದು ಅಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಗೊಂಡು 11 ಮಂದಿ ಸತ್ತರು. ಬಾವಿಯ ಬಾಯಿ ಮುಚ್ಚಲು ಸಾಧ್ಯವಾದದ್ದು ಜುಲೈ 15ಕ್ಕೆ. ಅಮೆರಿಕದ ಕಾನೂನಿನಲ್ಲಿ ದಂಡ ಬ್ಯಾರೆಲ್ ಲೆಕ್ಕದಲ್ಲಿತ್ತು: ಒಂದಕ್ಕೆ 1,100 ಡಾಲರಿನವರೆಗೆ, ಘೋರ ನಿರ್ಲಕ್ಷ್ಯವೆಂದು ಸಾಬೀತಾದರೆ 4,300 ಡಾಲರಿನವರೆಗೆ. ಹೀಗಾಗಿ ಎಷ್ಟು ಬ್ಯಾರೆಲ್ ಎಂಬುದೇ ಮೊಕದ್ದಮೆಯ ಒಂದು ದೊಡ್ಡ ಭಾಗವಾಯಿತು. ಸಮುದ್ರ ಸೇರಿದ್ದು 42 ಲಕ್ಷ ಬ್ಯಾರೆಲ್ ಎಂದು ಸರಕಾರ, 24.5 ಲಕ್ಷ ಎಂದು ಬಾವಿಯ ಹೊಣೆ ಹೊತ್ತಿದ್ದ ಬಿಪಿ ಕಂಪನಿ. ಈ ಅಂತರಕ್ಕೆ ಪರಿವರ್ತನೆಯೊಂದೇ ಕಾರಣವಾಗಿರಲಿಲ್ಲ. ಬಂಡೆ ಎಷ್ಟು ಅಮುಕಿಕೊಳ್ಳುತ್ತದೆ, ಹರಿವು ದಿನದಿನಕ್ಕೆ ಹೇಗೆ ಬದಲಾಯಿತು ಎಂಬ ಜಗಳಗಳೂ ಇದ್ದವು. ಆದರೆ ಆಳದ ದ್ರವವನ್ನು ಎಷ್ಟು ಹಂತಗಳ ದಾರಿಯಲ್ಲಿ ಮೇಲಿನ ಬ್ಯಾರೆಲ್ಲಾಗಿ ಎಣಿಸಬೇಕು ಎಂಬ ಪ್ರಶ್ನೆಯೂ ತಜ್ಞರ ನಡುವೆ ಗಂಭೀರವಾಗಿಯೇ ಎದ್ದಿತು. ಅಲ್ಲಿಯ ತೈಲ ಅನಿಲಭರಿತ. ಆಳದ ಒಂದು ಬ್ಯಾರೆಲ್ ಮೇಲೆ ಅರ್ಧ ಬ್ಯಾರೆಲ್ಲಿಗೂ ಕಡಿಮೆ. ಇಂಥ ದ್ರವದಲ್ಲಿ ಹಂತಗಳ ಸಂಖ್ಯೆ ಬದಲಾದರೆ ಉತ್ತರವೂ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ.

ಕಾನೂನು ಬ್ಯಾರೆಲ್ಲನ್ನು ಹೇಗೆ ವಿವರಿಸಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ 42 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 159 ಲೀಟರ್. ಉಷ್ಣತೆ ಹೇಳಿದೆ, ದಾರಿ ಹೇಳಿಲ್ಲ. ಕಾನೂನು ಬರೆದವರನ್ನು ದೂರಲಾರೆ. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಹಡಗಿನಿಂದ, ಟ್ಯಾಂಕಿನಿಂದ ಸೋರುವ ತೈಲ. ಅದು ಅನಿಲವನ್ನೆಲ್ಲ ಆಗಲೇ ಕಳೆದುಕೊಂಡಿರುತ್ತದೆ. ಮಕಾಂಡೊದಲ್ಲಿ ತೈಲ ಹೊರನುಗ್ಗಿದ್ದು ಒಂದೂವರೆ ಕಿಲೋಮೀಟರ್ ನೀರಿನ ಕೆಳಗೆ. ಅಲ್ಲಿ ಒತ್ತಡ ಗಾಳಿಯ ಒತ್ತಡದ ನೂರೈವತ್ತು ಪಟ್ಟು, ಚಳಿ ನಾಲ್ಕೈದು ಡಿಗ್ರಿ ಸೆಲ್ಸಿಯಸ್. ಮೀಥೇನಿನ ಬಹುಪಾಲು ಆಳದ ನೀರಿನಲ್ಲೇ ಕರಗಿಹೋಯಿತು. ಸಮುದ್ರ ಸೇರಿದ ಆ ತೈಲ ಯಾವ ಸೆಪರೇಟರನ್ನೂ ಹಾಯಲಿಲ್ಲ, ಅದರ ಒಂದು ಹನಿಯೂ ಸ್ಟಾಕ್ ಟ್ಯಾಂಕಿನಲ್ಲಿ ನಿಲ್ಲಲಿಲ್ಲ. ಆದರೂ ದಂಡದ ಲೆಕ್ಕ ನಡೆದದ್ದು, ಅದು ಟ್ಯಾಂಕಿಗೆ ಬಂದಿದ್ದರೆ ಎಷ್ಟಿರುತ್ತಿತ್ತು ಎಂಬ ಊಹೆಯ ಮೇಲೆ. 2015ರ ಜನವರಿಯಲ್ಲಿ ನ್ಯಾಯಾಲಯ ಎರಡೂ ಕಡೆಯ ನಡುವಿನ ಒಂದು ಅಂಕಿಗೆ ಬಂತು: ಬಾವಿಯಿಂದ ಹೊರಟದ್ದು 40 ಲಕ್ಷ, ಹಿಡಿದಿಟ್ಟದ್ದು 8.1 ಲಕ್ಷ, ಸಮುದ್ರ ಸೇರಿದ್ದು 31.9 ಲಕ್ಷ ಬ್ಯಾರೆಲ್. ಈ ಅಂಕಿಯಲ್ಲಿ ಶೇ 10ರಷ್ಟು ಏರುಪೇರಾದರೂ ಗರಿಷ್ಠ ದಂಡದಲ್ಲಿ 137 ಕೋಟಿ ಡಾಲರ್ ವ್ಯತ್ಯಾಸ. ಅದೇ ವರ್ಷ ರಾಜಿಯಲ್ಲಿ ನಿಗದಿಯಾದ ಈ ದಂಡ 550 ಕೋಟಿ ಡಾಲರ್. ಗುಮಾಸ್ತನ ಗುಣಾಕಾರ ಎಂಬ ಮಾತಿಗೆ ಇದಕ್ಕಿಂತ ದುಬಾರಿ ಅಪವಾದ ನನಗೆ ಗೊತ್ತಿಲ್ಲ.

ಇಲ್ಲಿ ಓದುಗರು ನ್ಯಾಯವಾಗಿಯೇ ಕೇಳಬಹುದು: ಅಳತೆಯ ಗೊಡವೆಯೇ ಬೇಡ, ತೂಗಿಬಿಡಿ. ಒತ್ತಡ ಏರಲಿ ಇಳಿಯಲಿ, ತೂಕ ಬದಲಾಗುವುದಿಲ್ಲವಲ್ಲ. ಇದು ಒಳ್ಳೆಯ ಸಲಹೆ, ನಮ್ಮ ದೇಶ ಅದನ್ನು ಬಹುಮಟ್ಟಿಗೆ ಪಾಲಿಸುತ್ತಲೂ ಇದೆ. ಅಡುಗೆ ಅನಿಲದ ಸಿಲಿಂಡರು 14.2 ಕಿಲೋ, ಆಟೋಗೆ ತುಂಬಿಸುವ ಸಿಎನ್‌ಜಿ ಕಿಲೋ ಲೆಕ್ಕ, ಕಚ್ಚಾ ತೈಲದ ಸರಕಾರಿ ಅಂಕಿಅಂಶ ಟನ್ ಲೆಕ್ಕ. ಆದರೆ ತೂಕ ಎಲ್ಲ ತೊಡಕನ್ನೂ ಬಿಡಿಸುವುದಿಲ್ಲ. ಆಳದ ದ್ರವವನ್ನು ಇಡಿಯಾಗಿ ತೂಗಬಹುದು, ಸರಿ. ಅದರಲ್ಲಿ ಎಷ್ಟು ಕಿಲೋ ತೈಲವಾಗುತ್ತದೆ, ಎಷ್ಟು ಕಿಲೋ ಅನಿಲವಾಗುತ್ತದೆ ಎಂಬುದನ್ನು ಮತ್ತೆ ಅದೇ ದಾರಿ ತೀರ್ಮಾನಿಸುತ್ತದೆ. ಒಟ್ಟು ತೂಕ ಸ್ಥಿರ, ಪಾಲು ಅಸ್ಥಿರ. ಇನ್ನು, ಜಾಗವೇ ಮುಖ್ಯವಾದ ಕಡೆ ತೂಕ ಹೇಳಿದರೆ ತೊಡಕು ತಿರುಗಿ ಬರುತ್ತದೆ. ಮಂಗಳೂರಿನಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಕಚ್ಚಾ ತೈಲದ ತುರ್ತು ಸಂಗ್ರಹದ ಗವಿಗಳನ್ನು ಮಾಡಿದ್ದಾರೆ. ಅವುಗಳ ಸಾಮರ್ಥ್ಯ ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಎಂದು ಹೇಳಲಾಗುತ್ತದೆ. ಆದರೆ ಗವಿಗೆ ಇರುವುದು ಘನಗಾತ್ರ. ಹಗುರ ತೈಲ ತುಂಬಿದರೆ ಅದೇ ಗವಿಯಲ್ಲಿ ಟನ್ ಕಡಿಮೆ, ಭಾರದ್ದಾದರೆ ಹೆಚ್ಚು. ಆ ಅಂಕಿಯ ಹಿಂದೆ ಯಾವುದೋ ಒಂದು ಸಾಂದ್ರತೆಯ ತೈಲವನ್ನು ಮನಸ್ಸಿನಲ್ಲಿಟ್ಟುಕೊಂಡಿರಲೇಬೇಕು.

ಹಾಗೆಂದು ಎಲ್ಲ ಕಡೆಯೂ ಅನುಮಾನಪಡಬೇಕಿಲ್ಲ. ಬೆಳಗಿನ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಲೀಟರಿಗೆ ಹೆಚ್ಚು ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲಿ ಒಂದು ಭಾಗ ಹಿಗ್ಗುವುದು ನಿಜ. ಬಂಕುಗಳಲ್ಲಿ ಸಾಂದ್ರತೆಯನ್ನು 15 ಡಿಗ್ರಿಗೆ ಪರಿವರ್ತಿಸಿ ಬರೆದಿಡುವುದು ಅದಕ್ಕಾಗಿಯೇ. ಆದರೆ ಪೆಟ್ರೋಲ್ ಇರುವುದು ನೆಲದಡಿಯ ಟ್ಯಾಂಕಿನಲ್ಲಿ, ಅದರ ಉಷ್ಣತೆ ಬೆಳಗಿನಿಂದ ಮಧ್ಯಾಹ್ನಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಮುಂಜಾನೆ ಎದ್ದು ಹೋದವರಿಗೆ ಸಿಗುವ ಲಾಭ ತೀರ ಅಲ್ಪ.

ಅನಿಲದ ವಿಷಯದಲ್ಲಿ ಮಾತ್ರ ಒಪ್ಪಂದವೇ ಬಹುಪಾಲು. ಆಳದಲ್ಲಿ 250 ಬಾರ್ ಒತ್ತಡ, 100 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಒತ್ತಡವೊಂದನ್ನೇ ನೋಡಿದರೆ ಅಲ್ಲಿಯ ಒಂದು ಘನ ಮೀಟರ್ ಮೇಲೆ 247 ಆಗಬೇಕು. ತಣಿಯುವುದನ್ನೂ ಲೆಕ್ಕಕ್ಕೆ ಹಿಡಿದರೆ 190. ಶಾಲೆಯಲ್ಲಿ ಕಲಿತ ಬಾಯ್ಲ್ ಮತ್ತು ಚಾರ್ಲ್ಸ್ ನಿಯಮಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ನಿಜವಾದ ಅನಿಲದ ಅಣುಗಳು ಒಂದನ್ನೊಂದು ಸೆಳೆಯುತ್ತವೆ, ತೀರ ಹತ್ತಿರ ಬಂದಾಗ ದೂಡುತ್ತವೆ. ಸ್ಟ್ಯಾಂಡಿಂಗ್ ಮತ್ತು ಡೊನಾಲ್ಡ್ ಕಾಟ್ಜ್ 1942ರಲ್ಲಿ ಕೊಟ್ಟ ನಕ್ಷೆಯಿಂದ ಓದಿಕೊಳ್ಳುವ ಝಡ್ ಎಂಬ ತಿದ್ದುಪಡಿ ಇಂಥ ಸ್ಥಿತಿಯಲ್ಲಿ 0.93ರ ಆಸುಪಾಸಿನಲ್ಲಿರಬಹುದು, ಆಗ ಉತ್ತರ ಸುಮಾರು 205. ಒತ್ತಡ ಇನ್ನೂ ಬಹಳ ಏರಿದರೆ ಝಡ್ ಒಂದನ್ನು ದಾಟುತ್ತದೆ, ತಿದ್ದುಪಡಿಯ ದಿಕ್ಕೇ ಬದಲಾಗುತ್ತದೆ. ಇಷ್ಟರ ಮಟ್ಟಿಗೆ ಇದು ಪ್ರಕೃತಿಯ ಮಾತು.

‘ಮೇಲೆ’ ಎಂದರೆ ಯಾವ ಒತ್ತಡ, ಯಾವ ಉಷ್ಣತೆ ಎಂಬುದು ಪ್ರಕೃತಿಯ ಮಾತಲ್ಲ. ಸೇರಿನಲ್ಲಿ ಭತ್ತ ಅಳೆಯುತ್ತಿದ್ದ ಕಾಲದಲ್ಲಿ ತಲೆ ಸವರಿ ಅಳೆಯುವುದೋ ರಾಶಿ ನಿಲ್ಲಿಸಿ ಅಳೆಯುವುದೋ ಎಂದು ಮೊದಲೇ ಮಾತಾಗಬೇಕಿತ್ತು. ಅನಿಲದ ಅಳತೆಗೂ ಅಂಥದೇ ಮಾತು ಬೇಕು, ಮತ್ತು ಆ ಮಾತು ಊರೂರಿಗೆ ಬೇರೆ. ಟೆಕ್ಸಸ್ ತನ್ನ ಘನ ಅಡಿಯನ್ನು 14.65 ಪಿಎಸ್ಐ ಒತ್ತಡದಲ್ಲಿ ಎಣಿಸುತ್ತದೆ, ಪಕ್ಕದ ಲೂಸಿಯಾನಾ 15.025ರಲ್ಲಿ. ಗಡಿ ದಾಟಿದರೆ ಅದೇ ಅನಿಲದ ಅಂಕಿ ಶೇ 2.5ರಷ್ಟು ಬದಲು. ಭಾರತದಲ್ಲಿ ಸ್ಟ್ಯಾಂಡರ್ಡ್ ಘನ ಮೀಟರ್ ಎಂದರೆ 15 ಡಿಗ್ರಿ, ರಷ್ಯಾದಲ್ಲಿ 20. ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ನಾರ್ಮಲ್ ಘನ ಮೀಟರಿಗೆ ಸೊನ್ನೆ. ಸೊನ್ನೆಗೂ ಹದಿನೈದಕ್ಕೂ ಶೇ 5.5ರ ಅಂತರವಿದೆ. ಇದರ ಮೇಲೆ, ಅನಿಲವನ್ನೂ ತೈಲವನ್ನೂ ಕೂಡಿಸಿ ‘ತೈಲ ಸಮಾನ ಬ್ಯಾರೆಲ್’ ಎಂದು ಹೇಳುವ ರೂಢಿ. ಅಲ್ಲಿ ಆರು ಸಾವಿರ ಘನ ಅಡಿಗೆ ಒಂದು ಬ್ಯಾರೆಲ್ ಎಂಬ ಸಮೀಕರಣ ನಿಂತಿರುವುದು ಉರಿಸಿದಾಗ ಬರುವ ಶಾಖದ ಮೇಲೆ; ಅದು ಬೆಲೆಯ ಸಮಾನತೆಯಲ್ಲ, ಜಾಗದ್ದೂ ಅಲ್ಲ. ಕೆನಡಾದ ಷೇರುಪೇಟೆ ನಿಯಮದಲ್ಲಿ ಈ ಅಳತೆ ಬಳಸುವ ಕಂಪನಿ ಅದು ದಾರಿ ತಪ್ಪಿಸಬಹುದೆಂಬ ಎಚ್ಚರಿಕೆಯನ್ನೂ ಜೊತೆಗೆ ಬರೆಯಬೇಕು. ಅಂಥ ಒಂದು ಸಾಲು ನಮ್ಮ ಪತ್ರಿಕೆಗಳ ಸುದ್ದಿಗಳಲ್ಲೂ ಇದ್ದರೆ ಓದುಗರಿಗೆ ಹೊರೆಯಾಗುತ್ತದೆ ಎಂದು ನಾನು ನಂಬುವುದಿಲ್ಲ.

ಈ ಮಾತು ಕೊಲ್ಲಿಗಳಲ್ಲಿ, ಷೇರುಪೇಟೆಗಳಲ್ಲಿ ಮುಗಿಯುವುದಿಲ್ಲ, ನಮ್ಮ ಅಡುಗೆಮನೆಗೂ ಬರುತ್ತದೆ. ಕೊಳವೆಯಲ್ಲಿ ಮನೆಗೆ ಬರುವ ಅನಿಲದ ಸಾದಾ ಮೀಟರು ತನ್ನ ಡಬ್ಬಿ ಎಷ್ಟು ಸಲ ತುಂಬಿ ಖಾಲಿಯಾಯಿತು ಎಂದಷ್ಟೇ ಎಣಿಸುತ್ತದೆ; ಒಳಗಿನ ಒತ್ತಡವೂ ಉಷ್ಣತೆಯೂ ಅದಕ್ಕೆ ತಿಳಿಯದು. ಕಾರ್ಖಾನೆಗಳ ದೊಡ್ಡ ಮೀಟರುಗಳಿಗೆ ಇದನ್ನು ಸರಿಪಡಿಸುವ ಎಲೆಕ್ಟ್ರಾನಿಕ್ ಸಾಧನ ಜೋಡಿಸಿರುತ್ತಾರೆ. ಮನೆಗೆ ಅನಿಲ ಬರುವುದು ಸುತ್ತಲಿನ ಗಾಳಿಗಿಂತ 21 ಮಿಲಿಬಾರ್ ಹೆಚ್ಚಿನ ಒತ್ತಡದಲ್ಲಿ. ಸಮುದ್ರಮಟ್ಟದ ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 1010 ಮಿಲಿಬಾರ್. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 910. ಮಂಗಳೂರಿನಲ್ಲಿ 28 ಡಿಗ್ರಿ, ಬೆಂಗಳೂರಿನಲ್ಲಿ 25 ಡಿಗ್ರಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಮೀಟರು ತೋರಿಸುವ ಒಂದು ಘನ ಮೀಟರಿನಲ್ಲಿ ಮಂಗಳೂರಿನ ಮನೆಗೆ ಸಿಗುವುದು 0.97 ಸ್ಟ್ಯಾಂಡರ್ಡ್ ಘನ ಮೀಟರ್, ಬೆಂಗಳೂರಿನ ಮನೆಗೆ 0.89. ಒಂದೇ ಬಗೆಯ ಮೀಟರು, ಒಂದೇ ಅಂಕಿ. ಉರಿಸಲು ಸಿಗುವ ಅನಿಲದಲ್ಲಿ ಶೇ 8ಕ್ಕೂ ಮಿಕ್ಕಿದ ಅಂತರ.

ಇದನ್ನು ಮೋಸವೆಂದು ಕರೆಯುವ ಆತುರ ನನಗಿಲ್ಲ. ಬಿಲ್ಲು ಮಾಡುವಾಗ ತಿದ್ದುಪಡಿ ಹಾಕಿರಬಹುದು, ದರ ಗೊತ್ತುಮಾಡುವಾಗಲೇ ಇದನ್ನು ಗಮನಿಸಿರಬಹುದು. ಎರಡೂ ನ್ಯಾಯವಾದ ದಾರಿಗಳೇ. ಆದರೆ ಬಿಲ್ಲಿನಲ್ಲಿ ಎಸ್‌ಸಿಎಂ (ಸ್ಟ್ಯಾಂಡರ್ಡ್ ಘನ ಮೀಟರ್) ಎಂದು ಬರೆದಿದ್ದರೆ, ಮೀಟರಿನ ಅಂಕಿಯಿಂದ ಅಲ್ಲಿಗೆ ಯಾವ ಗುಣಕದಿಂದ ಬಂದಿರಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಉತ್ತರ ‘ಒಂದು’ ಎಂದಾದರೆ, ಬೆಂಗಳೂರಿನಲ್ಲಿ ಅದು ಒಂದು ಹೇಗಾಯಿತು ಎಂಬುದು ಎರಡನೆಯ ಪ್ರಶ್ನೆ.